ಬೆತ್ಲೆಹೇಮಿನಲ್ಲಿ ಶೆಟ್ಟರ ಅಂಗಡಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಬಾಲ್ಕನಿಯಲ್ಲಿ ರಾಗಿ ಬೇಸಾಯ ಶುರು. ಗೋದಲಿಗೆ, ಅಂದ್ರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆ ಇಟ್ಟು ತೋರಿಸುವ ಅಲಂಕಾರಕ್ಕೆ, ಹಸಿರು ಬೇಕಲ್ಲ, ಅದಕ್ಕೆ. ಬೇರೆಯವರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ತಂದು ಹಾಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮತ್ತೆ ಅದಕ್ಕೆ ಒಪ್ಪುವುದಿಲ್ಲ. ‘ಬಾಲಯೇಸು ಹುಟ್ಟೋ ಜಾಗದಲ್ಲಿ ಪ್ಲಾಸ್ಟಿಕ್ಕಾ?’ ಅಂತ ಕೇಳಿದರೆ ಯಾರು ತಾನೆ ಏನು ಹೇಳಿಯಾರು! ಹಾಗಾಗಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಹಳೇ ತಟ್ಟೆ, ಸ್ವೀಟ್ ಡಬ್ಬದ ಮುಚ್ಚಳ, ಸಿಕ್ಕಿದ್ದರಲ್ಲೆಲ್ಲ ಮಣ್ಣು ಹರಡಿ ಬಿತ್ತುತ್ತೇವೆ.

ಬಿತ್ತುವುದು ಸುಲಭ. ಯಾವತ್ತು ಬಿತ್ತಬೇಕು ಅನ್ನೋದರಲ್ಲೇ ಜಗಳ. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಉದ್ದವಾಗಿ, ಹಳದಿ ತಿರುಗಿ, ತಟ್ಟೆ ಮೇಲೆ ಮಲಗಿಬಿಡುತ್ತದೆ. ತಡವಾದರೆ 24ರ ಸಂಜೆ ಬರೀ ಬಿಳಿ ಬೇರು ಕಾಣುತ್ತದೆ. ಬೆಂಗಳೂರಿನ ಚಳಿಗೆ ಅದು ಏಳುವುದೂ ನಿಧಾನ. ಹತ್ತು ಹನ್ನೆರಡು ದಿನ ಸಾಕು ಅಂತ ನಾನು. ಹದಿನೈದು ಬೇಕೇ ಬೇಕು ಅಂತ ಅತ್ತೆ. ನಾವು ಹೀಗೆ ವಾದ ಮಾಡುತ್ತಿರುವಾಗ ಪಾರಿವಾಳಗಳು ಬಂದವು. ಅವಕ್ಕೆ ಪಂಚಾಂಗ ಬೇಕಿಲ್ಲ. ಬಿತ್ತಿದ ದಿನವೇ ಸುಗ್ಗಿ.

ಹಳೇ ಸೊಳ್ಳೆಪರದೆ ಹೊದಿಸಿ ಮತ್ತೆ ಬಿತ್ತಿದೆವು. ನಮ್ಮನೆ ಕೆಲಸಕ್ಕೆ ಬರುವವರು ಚಿಂತಾಮಣಿ ಕಡೆಯವರು, ರಾಗಿ ಹೊಲದಲ್ಲೇ ಬೆಳೆದವರು. ಪರದೆ ಎತ್ತಿ, ಬಗ್ಗಿ, ಪೈರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ‘ಚೆನ್ನಾಗೈತೆ ಕಣಕ್ಕ. ನಾಟಿ ಯಾವತ್ತು?’ ಅಂದರು.

ನಮ್ಮ ಮನೆ ಕ್ರಿಸ್‌ಮಸ್ಸಿನ ಕಷ್ಟ ಇದೇ ನೋಡಿ. ಕೆಲಸ ಮಾಡೋರು ಇಬ್ಬರು, ಸಲಹೆ ಕೊಡೋರು ಬೀದಿಪೂರ್ತಿ.

ಮರದ ವಿಷಯ ಬೇಗ ಮುಗಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಅಪ್ಪ ಎಲ್ಲಿಂದಲೋ ಒಂದು ಸರ್ವೆ ಕೊಂಬೆ ತಂದು ಬಕೆಟ್ಟಿನ ಮರಳಲ್ಲಿ ಸಿಕ್ಕಿಸುತ್ತಿದ್ದರು. ಮೆಡಿಕಲ್ ಶಾಪಿನ ಹತ್ತಿ ಅಂಟಿಸಿದರೆ ಹಿಮವೂ ಬಿದ್ದಾಯಿತು. ಈಗ ಇರುವುದು ನರ್ಸರಿಯಿಂದ ಕುಂಡದ ಸಮೇತ ತಂದ ಅರಕೇರಿಯಾ. ಲಾಲ್‌ಬಾಗ್‌ನಲ್ಲಿ ಎತ್ತರಕ್ಕೆ ನಿಂತಿರುತ್ತವಲ್ಲ, ಅದೇ ಕುಟುಂಬದ್ದು. ನಮ್ಮದು ಮಾತ್ರ ಒಂದು ಕಡೆಗೆ ವಾಲಿದೆ. ಅರಕೇರಿಯಾ ಜಾತಿಯ ಕುಕ್ ಪೈನ್ ಮರಗಳು ಭೂಮಧ್ಯರೇಖೆಯ ಕಡೆಗೆ ವಾಲುತ್ತವೆ ಅಂತ 2017ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಯಜಮಾನರು ಇದನ್ನು ಫೋನಿನಲ್ಲಿ ಹುಡುಕಿ, ಅಮ್ಮನಿಗೆ ಜೋರಾಗಿ ಓದಿ ಹೇಳಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮರ ನೋಡಿದರು. ‘ಭೂಮಧ್ಯರೇಖೆ ನಮ್ಮ ಬಾತ್‌ರೂಮ್ ಕಡೆಗಿದೆಯೇನೋ?’

ಸೀರಿಯಲ್ ಸೆಟ್ಟಿನದು ಬೇರೆಯೇ ಕಥೆ. ಗಂಟು ಬಿಡಿಸುವ ಗೋಳು ಎಲ್ಲರಿಗೂ ಗೊತ್ತು, ಅದು ಬಿಡಿ. ಹೊಸ ಸೆಟ್ಟು ಮೊದಲ ವರ್ಷ ಪೂರ್ತಿ ಉರಿಯುತ್ತದೆ, ಮರುವರ್ಷ ಅರ್ಧ. ಒಂದೊಂದು ಪುಟ್ಟ ಎಲ್‌ಇಡಿಗೆ ಮೂರು ವೋಲ್ಟ್ ಸಾಕು, ಮನೆಗೆ ಬರೋದು 230. ಅದಕ್ಕೇ ಸಾಲಾಗಿ ಪೋಣಿಸಿ ಎಲ್ಲರಿಗೂ ಹಂಚುತ್ತಾರೆ. ಸಾಲಿನಲ್ಲಿ ಒಂದು ಕೈಕೊಟ್ಟರೆ ಇಡೀ ಸಾಲು ಕತ್ತಲೆ. ಯಜಮಾನರು ಇದನ್ನು ವಿವರಿಸುತ್ತಾ ಟೆಸ್ಟರ್ ಹಿಡಿದು ನೆಲದ ಮೇಲೆ ಕೂತರು ಅಂದ್ರೆ ಊಟಕ್ಕೂ ಏಳುವುದಿಲ್ಲ. ಎಸ್‌ಪಿ ರೋಡಿಗೆ ಹೋದರೆ ಹೊಸದೇ ಸಿಗುತ್ತೆ ಕಣ್ರೀ ಅಂದರೆ, ‘ದುಡ್ಡಿನ ಪ್ರಶ್ನೆ ಅಲ್ಲ’ ಅನ್ನುತ್ತಾರೆ. ಮತ್ತೆ ಯಾವುದರ ಪ್ರಶ್ನೆಯೋ, ಇವತ್ತಿನವರೆಗೂ ಹೇಳಿಲ್ಲ.

ಸೆಟ್ಟಿನ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಅದರಲ್ಲೊಂದು ಬಟನ್. ಒತ್ತಿದಂತೆಲ್ಲ ದೀಪ ಎಂಟು ಥರ ಕುಣಿಯುತ್ತದೆ. ಓಡುತ್ತದೆ, ಮಿಣುಕುತ್ತದೆ, ಮೆಲ್ಲಗೆ ಆರಿ ಮೆಲ್ಲಗೆ ಹತ್ತುತ್ತದೆ. ಎಂಟನೆಯದರಲ್ಲಿ ಮಾತ್ರ ಸುಮ್ನೆ ಉರಿಯುತ್ತದೆ. ನಮಗೆ ಬೇಕಿರೋದು ಆ ಎಂಟನೆಯದೇ. ಆದರೆ ಕರೆಂಟ್ ಹೋಗಿ ಬಂದರೆ ಡಬ್ಬಿಗೆ ಎಲ್ಲ ಮರೆತುಹೋಗಿ ಮತ್ತೆ ಒಂದರಿಂದ ಶುರು. ಡಬ್ಬಿ ಇರುವುದು ಕರ್ಟನ್ ರಾಡಿನ ಪಕ್ಕ. ಕರೆಂಟ್ ಹೋಗುವುದು ದಿನಾ. ಹಾಗಾಗಿ ನಮ್ಮ ಮಗ ಸ್ಟೂಲ್ ಹತ್ತುವುದರಲ್ಲಿ ಪಳಗಿದ್ದಾನೆ. ರಾತ್ರಿ ಕೆಳಗಿನ ಮನೆಯಿಂದ ಓನರ್ ಅಂಕಲ್‌ ತಾಯಿ, ‘ಏನಮ್ಮಾ, ಮೇಲೆ ಪೊಲೀಸ್ ಜೀಪು ನಿಂತಂಗಿದೆ!’ ಅಂತ ಕೂಗಿದರೆ ಕರೆಂಟ್ ಹೋಗಿ ಬಂದಿದೆ ಅಂತ ಅರ್ಥ.

2023ರಲ್ಲಿ ಗೃಹಜ್ಯೋತಿ ಬಂದಮೇಲೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. ರಾತ್ರಿ ಹತ್ತಾಗುತ್ತಲೇ ‘ನಕ್ಷತ್ರ ಆರಿಸಿ, ನಕ್ಷತ್ರ ಆರಿಸಿ’ ಅಂತ ಅತ್ತೆಯ ಜಪ. ಅದರೊಳಗಿರುವುದು 9 ವಾಟಿನ ಬಲ್ಬು. ದಿನಾ ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ ಮೂರು ಚಿಲ್ಲರೆ ಯೂನಿಟ್. ಅದೇ 2000 ವಾಟಿನ ಗೀಸರ್ ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್ ಹೋಯಿತು. ಡಿಸೆಂಬರ್ ಚಳಿಯಲ್ಲಿ ಅರ್ಧ ಗಂಟೆ ಬಿಸಿನೀರು ಹುಯ್ದುಕೊಳ್ಳುವವರು ಯಾರು ಅಂತ ನಾನು ಹೇಳುವುದಿಲ್ಲ. ಹಬ್ಬದ ದಿನ ನೆಮ್ಮದಿ ಬೇಕಲ್ವಾ.

ನಕ್ಷತ್ರ ಮೊದಲು ಕಾಗದದ್ದೇ ಇತ್ತು. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು, ಬೆಂಗಳೂರಿಗೆ ಜಿಟಿಜಿಟಿ ಮಳೆ ಹಿಡಿಯಿತು. ಅಡ್ವೆಂಟಿನ, ಅಂದ್ರೆ ಕ್ರಿಸ್‌ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳ, ಮೊದಲ ಭಾನುವಾರಕ್ಕೆ ಅಂತ ಕಟ್ಟಿದ್ದ ಕೆಂಪು ನಕ್ಷತ್ರ ನೆನೆದು, ಬಣ್ಣವೆಲ್ಲ ಓನರ್ ಅಂಕಲ್ ಹೊಸದಾಗಿ ಹೊಡೆಸಿದ್ದ ಗೋಡೆ ಮೇಲೆ ಇಳಿಯಿತು. ಆಮೇಲೆ ಬಂದದ್ದು ಪ್ಲಾಸ್ಟಿಕ್ ನಕ್ಷತ್ರ. ಈ ಸಲ ಅತ್ತೆ ಪ್ಲಾಸ್ಟಿಕ್ ಬಗ್ಗೆ ಚಕಾರ ಎತ್ತಲಿಲ್ಲ. ಪೇಂಟಿನ ದುಡ್ಡು ಅಡ್ವಾನ್ಸಿನಲ್ಲಿ ಹಿಡೀತೀನಿ ಅಂತ ಓನರ್ ಅಂದದ್ದು ಅವರ ಕಿವಿಗೂ ಬಿದ್ದಿತ್ತು.

ಇನ್ನು ಗೋದಲಿಯ ಬೊಂಬೆಗಳು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ನಿಜವಾದ ಎತ್ತು, ನಿಜವಾದ ಕತ್ತೆಯನ್ನೇ ತಂದು ಕಟ್ಟಿದ್ದರು. ಜಾಣರು. ಎತ್ತು ಎತ್ತಿನ ಸೈಜಿನಲ್ಲೇ ಇರುತ್ತದೆ. ನಮ್ಮಲ್ಲಿ ಮಾತೆ ಮರಿಯಮ್ಮ, ಜೋಸೆಫರು ಒಂದು ಕಾಲದ ಸೆಟ್ಟು. ಒಂಟೆ ಇನ್ನೊಂದು ಕಾಲದ್ದು, ಅದಕ್ಕೂ ಮೂರೇ ಕಾಲು. ಕುರಿ ಕಾಯುವವನು ಮನೆ ಬದಲಾಯಿಸುವಾಗ ಕಾಣೆಯಾದ. ಡಿಸೆಂಬರಿನಲ್ಲಿ ರಸೆಲ್ ಮಾರ್ಕೆಟ್ ಸುತ್ತಮುತ್ತ ಇಂಥ ಬೊಂಬೆಗಳ ಅಂಗಡಿ ಸಾಲುಗಟ್ಟುತ್ತವೆ. ಒಬ್ಬನೇ ಒಬ್ಬ ಕುರಿ ಕಾಯುವವನು ಬೇಕಿತ್ತು ಅಂತ ಆ ನೂಕುನುಗ್ಗಲಲ್ಲಿ ಕೇಳಿದೆ. ‘ಬಿಡಿ ಕೊಡಲ್ಲ ಮೇಡಂ, ಕುರಿ ಬೇಕಾದ್ರೆ ಕೊಡ್ತೀನಿ’ ಅಂದರು. ತಂದೆ. ಮನೆಗೆ ಬಂದು ನಿಲ್ಲಿಸಿ ನೋಡಿದರೆ ಕುರಿ ಜೋಸೆಫರ ಎದೆಮಟ್ಟ ಇದೆ. ಅವರ ಮುಖದಲ್ಲಿ ಸ್ವಲ್ಪ ಗಾಬರಿ ಇದ್ದಂತೆಯೂ ನನಗೆ ಕಂಡಿತು.

ಈ ಹೊತ್ತಿಗೆ ಎದುರುಮನೆ ಆಂಟಿ ಬಂದರು. ದಸರಾಗೆ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸುವವರು ಅವರು. ಬೊಂಬೆ ವಿಷಯದಲ್ಲಿ ಅವರ ಮುಂದೆ ಬಾಯಿ ಬಿಡುವ ಹಾಗಿಲ್ಲ. ಗೋದಲಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ‘ಜನಾನೇ ಇಲ್ವಲ್ಲಮ್ಮ’ ಅಂದರು. ಹೋಗಿ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗಿಂದ ವಾಲಗದವರು ಬಂದರು, ಬುಟ್ಟಿ ಹೊತ್ತ ಚನ್ನಪಟ್ಟಣದ ಹೆಂಗಸರು ಬಂದರು, ಕ್ರಿಕೆಟ್ ಟೀಮಿನ ಅಂಪೈರ್ ಬಂದ. ಬಿಳಿ ಕೋಟು ಉದ್ದವಾಗಿದೆ, ದೂರದಿಂದ ಕುರಿ ಕಾಯುವವನ ಥರಾನೇ ಕಾಣ್ತಾನೆ ಅಂತ ಆಂಟಿಯ ವಾದ. ಕೊನೆಗೆ ಬಂದರು ಶೆಟ್ಟರು, ಶೆಟ್ಟಮ್ಮನ ಸಮೇತ. ದುಂಡು ಹೊಟ್ಟೆ, ಹಣೆಯಲ್ಲಿ ನಾಮ, ಮುಂದೆ ಅಕ್ಕಿ, ರಾಗಿ, ತೊಗರಿಬೇಳೆಯ ಪುಟ್ಟ ಪುಟ್ಟ ಮೂಟೆ, ಬೆರಳುಗುರಿನಷ್ಟು ತಕ್ಕಡಿ.

‘ಆಂಟಿ, ಬೆತ್ಲೆಹೇಮಿನಲ್ಲಿ ಶೆಟ್ಟರ ಅಂಗಡಿ ಎಲ್ಲಿತ್ತು?’ ಅಂದೆ.

‘ಊರು ಅಂದಮೇಲೆ ಅಂಗಡಿ ಇರಲ್ವಾ?’

ನಾನು ಸಹಾಯಕ್ಕೆ ಅತ್ತೆಯ ಮುಖ ನೋಡಿದೆ. ಪ್ಲಾಸ್ಟಿಕ್ ಹುಲ್ಲಿಗೇ ಒಪ್ಪದವರು ಇದಕ್ಕೆ ಒಪ್ಪುತ್ತಾರಾ ಅಂತ ಧೈರ್ಯ. ಅತ್ತೆ ಶೆಟ್ಟರನ್ನು ಎತ್ತಿ ಸೆರಗಿನಲ್ಲಿ ಧೂಳು ಒರೆಸಿ, ಕೊಟ್ಟಿಗೆಯ ಪಕ್ಕದಲ್ಲೇ ಇಟ್ಟರು. ‘ಇರಲಿ ಬಿಡಮ್ಮ. ಬಾಣಂತಿ ಇರೋ ಜಾಗ. ತುಪ್ಪ, ಬೆಲ್ಲ ಏನಾದ್ರೂ ಬೇಕಾಗುತ್ತೆ.’

24ರ ರಾತ್ರಿ ಪೂಜೆ ಮುಗಿಸಿ ಬಂದಮೇಲೆಯೇ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವುದು. ಅಲ್ಲಿಯವರೆಗೆ ಬೊಂಬೆ ಅತ್ತೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ಬೀಗದ ಕೈ ಅವರ ಸೊಂಟದಲ್ಲಿ. ಅವರೋ ಚರ್ಚಿನ ಅಂಗಳದಲ್ಲಿ ನೆಂಟರಿಷ್ಟರ ಕೈಕುಲುಕುತ್ತಾ ಸೊಸೆಯಂದಿರ ಕಷ್ಟಸುಖ ವಿಚಾರಿಸುತ್ತಿದ್ದರು. ನಾವು ಮನೆಯಲ್ಲಿ ಮೇಣದಬತ್ತಿ ಹಿಡಿದು ಖಾಲಿ ಹುಲ್ಲಿನ ಮುಂದೆ ನಿಂತಿದ್ದೆವು. ಮಗ ನಿಂತಲ್ಲೇ ತೂಕಡಿಸುತ್ತಿದ್ದ. ಅತ್ತೆ ಬಂದಾಗ ಅರ್ಧ ಮೇಣ ಕರಗಿತ್ತು. ‘ಇನ್ನೂ ಇಟ್ಟಿಲ್ವಾ?’ ಅಂದರು.

ಹಬ್ಬದ ಮರುದಿನ ಗೋದಲಿ ಸ್ಪರ್ಧೆಯ ತೀರ್ಪುಗಾರರು ಬಂದರು. ರಾಗಿ ಪೈರು ಆ ಹೊತ್ತಿಗೆ ಸರಿಯಾಗಿ ಎದ್ದು ನಿಂತಿತ್ತು. ಅದನ್ನು ಯಾರೂ ನೋಡಲಿಲ್ಲ. ಒಬ್ಬರು ನೇರ ಶೆಟ್ಟರ ಮುಂದೆ ಕೂತು, ‘ತೊಗರಿಬೇಳೆ ಹೆಂಗೆ ಶೆಟ್ರೇ?’ ಅಂದರು, ಇನ್ನೊಬ್ಬರು ಫೋಟೊ ತೆಗೆದುಕೊಂಡರು. ಮೊದಲ ಬಹುಮಾನ ಮೋಟಾರ್ ಹಾಕಿ ಜಲಪಾತ ಹರಿಸಿದವರ ಮನೆಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಡಬ್ಬ. ಎದುರುಮನೆ ಆಂಟಿ ಪೆಟ್ಟಿಗೆ ವಾಪಸ್ ಒಯ್ಯಲು ಬಂದಾಗ ಡಬ್ಬವನ್ನೂ ಅದರೊಳಗೆ ಇಟ್ಟುಕೊಂಡರು. ‘ಬಂದಿದ್ದು ಶೆಟ್ಟರಿಗೆ ತಾನೆ?’

ಬಾಲಯೇಸುವನ್ನು ನೋಡಲು ಬರುವ ಮೂವರು ಜ್ಞಾನಿಗಳ ಬೊಂಬೆಗಳು ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಜನವರಿ 6ಕ್ಕೆ ಗೋದಲಿಗೆ ಬಂದು ಸೇರಬೇಕು. ಮೂರು ಕಾಲಿನ ಒಂಟೆಯಿಂದಾಗಿ ಅವರು ಟಿವಿ ಸ್ಟ್ಯಾಂಡ್ ದಾಟುವುದೇ ತಡವಾಯಿತು. ಅಂತೂ ಬಂದರು, ನಾವೂ ಎಲ್ಲ ಬಿಚ್ಚಿ ಅಟ್ಟಕ್ಕೆ ಹಾಕತೊಡಗಿದೆವು. ನಕ್ಷತ್ರಕ್ಕೆ ಕೈ ಹಾಕುತ್ತಿದ್ದಂತೆ ಕೆಳಗಿನಿಂದ ಓನರ್ ಅಂಕಲ್ ಧ್ವನಿ ಬಂತು.

‘ಅದೊಂದು ಇರಲಿ ಬಿಡಿ. ಬೀದಿ ದೀಪ ಕೆಟ್ಟು ಎಷ್ಟು ದಿನ ಆಯ್ತು. ನಾಯಿ ಎಲ್ಲಿ ಮಲಗಿದೆ ಅಂತಾದ್ರೂ ಕಾಣುತ್ತೆ.’

‘ರಾತ್ರಿಪೂರ್ತಿ ಉರಿಯುತ್ತೆ ಅಂಕಲ್. ಬಿಲ್ಲು?’

‘ಅದಕ್ಕೇನಮ್ಮ, ನಿಮ್ಮದು ಹೇಗಿದ್ರೂ ಗೃಹಜ್ಯೋತಿ ಅಲ್ವಾ!’ ಅಂದವರೇ ಗೇಟು ಹಾಕಿಕೊಂಡು ಒಳಗೆ ಹೋದರು.