ಬಕೆಟ್ಟಿನಲ್ಲಿ ಉಳಿದ ಕಡಲು

ರಾತ್ರಿ ಎಲ್ಲ ನಿಶ್ಶಬ್ದವಾದ ಮೇಲೆ ಹಜಾರದಿಂದ "ಟಕ್" ಎಂದು ಸದ್ದು. ಎದ್ದು ಟಾರ್ಚ್ ಹಾಕಿ ನೋಡಿದರೆ ಏನೂ ಇಲ್ಲ. ಮತ್ತೆ ಮಲಗಿದರೆ, ಟಕ್. "ರೀ, ಆ ಮೀನಿನ ಟ್ಯಾಂಕು ಬಿರುಕು ಬಿಡ್ತಿದೆ" ಎಂದಳು ನನ್ನಾಕೆ. ನಾಲ್ಕು ವರ್ಷದಿಂದ ದೊಡ್ಡ ಟ್ಯಾಂಕಿಗೆ ನೆಪ ಹುಡುಕುತ್ತಿದ್ದವನಿಗೆ ಇನ್ನೇನು ಬೇಕು? ಮುಖದಲ್ಲಿ ಸಾಧ್ಯವಾದಷ್ಟು ಆತಂಕ ತಂದುಕೊಂಡು, "ಹೌದು ಕಣೇ, ಗಾಜು ನಂಬೋ ಹಾಗಿಲ್ಲ" ಎಂದೆ.

ಹೀಗೆ ಎರಡಡಿಯ ಸಮುದ್ರವನ್ನು ನಾಲ್ಕಡಿಯ ಟ್ಯಾಂಕಿಗೆ ಸಾಗಿಸುವುದೆಂದು ನಿಶ್ಚಯವಾಯಿತು. "ಎರಡೇ ಗಂಟೆ ಕೆಲಸ" ಎಂದಿದ್ದೆ. ಅವಳು ಮಾತಾಡದೆ ಮನೆಯ ಹಳೆಯ ಟವೆಲುಗಳನ್ನೆಲ್ಲ ತಂದು ಪೇರಿಸಿಟ್ಟಳು.

ನಮ್ಮದು ಉಪ್ಪುನೀರಿನ, ಕಡಲ ಮೀನುಗಳ ಟ್ಯಾಂಕು. ನಲ್ಲಿ ತಿರುಗಿಸಿದರೆ ಸಮುದ್ರ ಬರುವುದಿಲ್ಲವಲ್ಲ! ಹಿಂದಿನ ದಿನವೇ ಡ್ರಮ್ಮಿನಲ್ಲಿ 200 ಲೀಟರ್ ಆರ್.ಒ. ನೀರು ತುಂಬಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಏಳು ಕಿಲೋ ಉಪ್ಪು ಸುರಿದು, ಪಂಪು, ಹೀಟರು ಇಳಿಬಿಟ್ಟಿದ್ದೆ. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಕಣ್ಣಿಗೆ ಹಿಡಿದು, ಸಾಂದ್ರತೆ 1.025 ಬಂತೇ ಎಂದು ಹತ್ತನೇ ಸಲ ನೋಡುವಾಗ, "ಅಡುಗೆಗೆ ಉಪ್ಪು ಹಾಕಿದೀರೋ ಇಲ್ವೋ ಅನ್ನೋದೇ ನೆನಪಿರಲ್ಲ, ಮೀನಿಗಾದ್ರೆ ಮೂರನೇ ದಶಾಂಶ!" ಎಂಬ ಮಾತು ಬೆನ್ನಿಗೆ ತಾಗಿತು.

ಮೀನು ಹಿಡಿಯುವುದರಲ್ಲೇ ಒಂದು ಗಂಟೆ ಕಳೆಯಿತು. ನಾನು ಎಡಕ್ಕೆ ಬಲೆ ಹಾಕಿದರೆ ಅವು ಬಲಗಡೆಯ ಕಲ್ಲಿನ ಸಂದಿಯಲ್ಲಿ. ನಮ್ಮದು ಕ್ಲೌನ್ ಮೀನಿನ ಜೋಡಿ. ಈ ಮೀನುಗಳೆಲ್ಲ ಹುಟ್ಟುವಾಗ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಅಧಿಕಾರ ವಹಿಸಿಕೊಳ್ಳುತ್ತದೆ. ನಮ್ಮ ಟ್ಯಾಂಕಿನ ಯಜಮಾನಿ ನೇರ ಬಂದು ನನ್ನ ಹೆಬ್ಬೆರಳು ಕಚ್ಚಿದಳು. ಕೊನೆಗೆ ಹೊಳೆಯಿತು: ಮೊದಲು ಕಲ್ಲು ತೆಗೆಯಬೇಕು! ಕಲ್ಲುಗಳೆಲ್ಲ ಹಳೆಯ ನೀರು ತುಂಬಿದ ಬಕೆಟ್ಟುಗಳಿಗೆ ಹೋದವು. ಅವನ್ನು ಒಣಗಲು ಬಿಡುವಂತಿಲ್ಲ. ಮೀನು ಬಿಡುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಬಿಡಾರವೇ ಆ ಕಲ್ಲುಗಳು. ಬರಿದಾದ ಟ್ಯಾಂಕಿನಲ್ಲಿ ಮೀನು ಅರೆ ನಿಮಿಷದಲ್ಲಿ ಬಲೆಗೆ ಬಿತ್ತು.

ಆಮೇಲೆ ಮರಳು. ನಾಲ್ಕು ವರ್ಷ ಅಲುಗದ ಮರಳಿನ ತಳದಲ್ಲಿ, ಗಾಳಿಯಾಡದ ಕಡೆ, ಹೈಡ್ರೋಜನ್ ಸಲ್ಫೈಡ್ ಅನಿಲ ಕೂತಿರುತ್ತದೆಂದು ಓದಿದ್ದೆ. ಓದಿದ್ದು ಕೈಗೆ ಬಂದಿರಲಿಲ್ಲ. ಒಂದು ಸಲ ಸೌಟಿನಿಂದ ಕೆದಕಿದೆ ನೋಡಿ, ಸಾವಿರ ಕೊಳೆತ ಮೊಟ್ಟೆ ಒಟ್ಟಿಗೆ ಒಡೆದ ಹಾಗೆ! ನನ್ನಾಕೆ ಓಡಿಹೋಗಿ ಗ್ಯಾಸ್ ಸಿಲಿಂಡರ್ ಆರಿಸಿ, ಕಿಟಕಿಗಳನ್ನೆಲ್ಲ ತೆರೆದಳು. ಪಕ್ಕದ ಮನೆಯವರೂ ತಮ್ಮ ಸಿಲಿಂಡರ್ ಆರಿಸಿದರೆಂದು ಸಂಜೆ ತಿಳಿಯಿತು. ಆ ಮರಳನ್ನು ಎಸೆದು ಹೊಸತು ಹಾಕಿದೆ.

ಹೊಸ ಟ್ಯಾಂಕು ತುಂಬಿತು. ಅಂಚಿನಿಂದ ಅರ್ಧ ಇಂಚು ಕೆಳಗೆ, ಕನ್ನಡಿಯಂಥ ನೀರು. ನಿಂತು ಮೆಚ್ಚಿಕೊಂಡೆ. ನಂತರ ಕಲ್ಲು ಇಳಿಸಿದೆ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದೆದ್ದು ಓಡಿದನಂತೆ; ನಾನು ಟವೆಲಿಗೆ ಓಡಿದೆ. ಟವೆಲಿಗೆ ಮುಂಚೆ ಸಮುದ್ರ ಸೋಫಾದ ಕೆಳಗೆ ತಲುಪಿತ್ತು. ಶಾಲೆಯಲ್ಲಿ ಈ ಪಾಠಕ್ಕೆ ಪೂರ್ತಿ ಅಂಕ ತೆಗೆದಿದ್ದೆ ಎನ್ನುವುದನ್ನು ಆಗ ಹೇಳಲಿಲ್ಲ.

ಮೀನುಗಳನ್ನು ಬಿಡುವಷ್ಟರಲ್ಲಿ ರಾತ್ರಿ ಹತ್ತು. ನಾಲ್ಕಡಿಯ ಉದ್ದಗಲ ಕೊಟ್ಟರೂ ಯಜಮಾನ-ಯಜಮಾನಿ ಇಬ್ಬರೂ ಹಳೆಯ ಕಲ್ಲನ್ನೇ ಹುಡುಕಿ, ಅದರ ಮೂಲೆಯಲ್ಲಿ ಗೇಣಗಲ ಜಾಗ ಹಿಡಿದು ನಿಂತರು.

ಸೊಂಟ ಹಿಡಿದುಕೊಂಡು ಮಲಗಿದೆ. ಕಣ್ಣು ಮುಚ್ಚಿತೋ ಇಲ್ಲವೋ, ಟಕ್.

ಹಜಾರದಿಂದಲ್ಲ. ಬಚ್ಚಲಿನಿಂದ.

ಇಬ್ಬರೂ ಟಾರ್ಚ್ ಹಿಡಿದು ಹೋದೆವು. ನೀರು ಉಕ್ಕಿದ ಮೇಲೆ ಹೊಸ ಟ್ಯಾಂಕಿಗೆ ಇಳಿಸದೆ ಬಕೆಟ್ಟಿನಲ್ಲೇ ಬಿಟ್ಟಿದ್ದ ಒಂದು ಕಲ್ಲಿನ ತೂತಿನಿಂದ ಕಿರುಬೆರಳಿಗಿಂತ ಚಿಕ್ಕದೊಂದು ಸೀಗಡಿ ಇಣುಕುತ್ತಿತ್ತು. ಇಕ್ಕಳದಂಥ ಒಂದು ಕೈ ಮಾತ್ರ ಮೈಗೆ ಮೀರಿದ ಗಾತ್ರದ್ದು. ಪಿಸ್ತೂಲು ಸೀಗಡಿ! ಆ ಇಕ್ಕಳವನ್ನು ಎಷ್ಟು ರಭಸದಿಂದ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ, ಅದು ಕುಸಿಯುವಾಗ ಈ ಸದ್ದು. ಕಲ್ಲಿನೊಳಗೆ ಅಡಗಿಕೊಂಡೇ ನಮ್ಮನೆಗೆ ಬಂದಿದ್ದಿರಬೇಕು. ಇದನ್ನೆಲ್ಲ ನಾನು ಬಹಳ ಉತ್ಸಾಹದಿಂದ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಹಳೇ ಟ್ಯಾಂಕಿಗೆ ಏನೂ ಆಗಿರ್ಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಬಕೆಟ್ಟು ಉತ್ತರಿಸಿತು. ಟಕ್.