ಐದು ರಸ್ತೆಯ ಅವಿಭಕ್ತ ಕುಟುಂಬ

ಟೊರಾಂಟೊದಲ್ಲಿ ಕಂಡವರ ಸಂಸಾರಗಳ ಫೋಟೊ ತೆಗೆದು 11 ವರ್ಷ ಹೊಟ್ಟೆ ಹೊರೆದವನು ನಾನು. ಕ್ಯಾಮೆರಾ ಸಮೇತ ಶಿರಸಿಗೆ ಮರಳುತ್ತೇನೆ ಎಂದಾಗ ಆಯಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಇಲ್ಲಿ ಯಾರ ಫೋಟೊ ತೆಗೆಯುತ್ತೀಯೋ ತಮ್ಮಾ? ಮನೆಗೆ ಇಬ್ಬರಂತೆ ಉಳಿದಿದ್ದೇವೆ.’

ಲೆಕ್ಕ ತಪ್ಪಿರಲಿಲ್ಲ. ನಮ್ಮ ಕೇರಿಯಲ್ಲಿ ಜಗುಲಿಗಳು ಹಿಂದಿನಷ್ಟೇ ಉದ್ದವಾಗಿವೆ, ಕೂರುವವರಿಲ್ಲ. ಅಡಕೆ ತೋಟ ಇಲ್ಲಿ, ವಾರಸುದಾರರು ಬೆಂಗಳೂರಿನಲ್ಲಿ, ಡಲ್ಲಾಸಿನಲ್ಲಿ. ಆದರೆ ಆಯಿ ಪೇಟೆಗೆ ಹೋಗದೆ ಬಹಳ ದಿನವಾಗಿತ್ತು. ಐದು ರಸ್ತೆಯ ಸರ್ಕಲ್ಲಿನ ಹತ್ತಿರ ಬಸ್ಸಿಳಿದ ನನಗೆ ಎದುರಾದದ್ದು 42 ಜನರ ತುಂಬು ಕುಟುಂಬ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್. ನಡುವೆ ಹುಟ್ಟುಹಬ್ಬದ ಯಜಮಾನರು, ಮೇಲೆ ಅವರ ನಾಯಕರು, ಕೆಳಗೆ ಎರಡು ಸಾಲಿನಲ್ಲಿ ಶುಭ ಕೋರುವವರು. ಎಲ್ಲರದೂ ಬಿಳಿ ಅಂಗಿ, ಎಲ್ಲರೂ ಕೈಮುಗಿದವರೇ. ನಾಲ್ಕೇ ಜನರ ಮನೆಯವರಿಗೆ ಒಂದೇ ಬಣ್ಣದ ಬಟ್ಟೆ ತೊಡಿಸಲು ಟೊರಾಂಟೊದಲ್ಲಿ ನಾನು ಎರಡು ವಾರ ಈಮೇಲ್ ಬರೆಯಬೇಕಾಗುತ್ತಿತ್ತು. ಯಾವನೋ ಮಹಾನುಭಾವ ಇಲ್ಲಿ 42 ಜನರನ್ನು ಒಟ್ಟುಗೂಡಿಸಿದ್ದಾನೆ, ಒಬ್ಬರೂ ಕಣ್ಣು ಮುಚ್ಚಿಲ್ಲ! ಆ ಕಲಾವಿದನ ಕಾಲಿಗೆ ಬೀಳಬೇಕೆನಿಸಿತು.

ಬಿದ್ದೆ ಕೂಡ. ಫ್ಲೆಕ್ಸ್ ಮುದ್ರಿಸುವ ಅಂಗಡಿಯ ಮೂಲೆಯಲ್ಲೇ ಬಾಡಿಗೆಗೆ ಜಾಗ ಹಿಡಿದೆ.

ಮೊದಲ ಗಿರಾಕಿ ಒಬ್ಬ ಯುವ ಮುಖಂಡ. ಕಿಟಕಿಯ ಬೆಳಕಿಗೆ ವಾರೆಯಾಗಿ ಕೂರಿಸಿ, ‘ಕ್ಯಾಮೆರಾ ಮರೆತುಬಿಡಿ, ಮನೆಯವರನ್ನು ನೆನೆಸಿಕೊಳ್ಳಿ’ ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಸರ್, ತಲೆ ಒಂದು ತೆಗೆಯಿರಿ ಸಾಕು’ ಎಂದ. ನಿಜವಾಗಿಯೂ ಸಾಕು. ಅಂಗಡಿಯ ಕಂಪ್ಯೂಟರಿನಲ್ಲಿ ನಾಲ್ಕು ದೇಹಗಳು ಸದಾ ಸಿದ್ಧವಾಗಿವೆ: ಕೈಮುಗಿದದ್ದು, ಕೈಬೀಸುವುದು, ಮೊಬೈಲನ್ನು ಕಿವಿಗೆ ಹಿಡಿದು ಗಹನವಾಗಿ ನಡೆಯುವುದು, ಎದೆಯ ಮೇಲೆ ಕೈಕಟ್ಟಿದ್ದು. ಊರಿನ ಅರ್ಧದಷ್ಟು ಮುಖಂಡರು ಈ ನಾಲ್ಕರಲ್ಲೇ ಹಂಚಿಹೋಗಿದ್ದಾರೆ. ಕೆಳಸಾಲಿನ ತಲೆಗೆ ವರ್ಗಣಿ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಒಮ್ಮೆ ಒಂದು ತಲೆ ಬಿಟ್ಟುಹೋಗಿ, ಆ ತಲೆಯ ಅಣ್ಣತಮ್ಮಂದಿರೆಲ್ಲ ಅಂಗಡಿಗೆ ಬಂದು ಕೂತರು. ರಾತ್ರಿ ಏಣಿ ಹತ್ತಿ, ಬೇರೆ ಮುದ್ರಿಸಿದ ತಲೆಯನ್ನು ಯಾರದೋ ಭುಜದ ಮೇಲೆ ಅಂಟಿಸಿ ಬಂದೆವು. ಏಣಿ ಹಿಡಿದದ್ದು ನಾನು. ವಿದೇಶದ ಅನುಭವ ಎಲ್ಲಿಯೂ ವ್ಯರ್ಥವಾಗುವುದಿಲ್ಲ ನೋಡಿ.

ಈ ಕುಟುಂಬದಲ್ಲಿ ಸಾವೂ ಹೆಚ್ಚು ಕೆಲಸ ಕೊಡುವುದಿಲ್ಲ. ಹಳೆಯ ಫೈಲ್ ತೆರೆದು ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಅಳಿಸಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹಾಕಿದರೆ ಮುಗಿಯಿತು. ಕೈಮುಗಿದ ಭಂಗಿ ಎರಡಕ್ಕೂ ಒಪ್ಪುತ್ತದೆ. ಕೆಳಸಾಲಿನವರ ನಗು ಮಾತ್ರ ಹಾಗೆಯೇ ಉಳಿಯುತ್ತದೆ. ‘ಇವರು ನಗುತ್ತಿದ್ದಾರಲ್ಲ’ ಎಂದು ನಾನು ಒಮ್ಮೆ ತೋರಿಸಿದೆ. ಅಂಗಡಿಯ ಯಜಮಾನರು ಕನ್ನಡಕ ಏರಿಸಿ ಪರೀಕ್ಷಿಸಿ, ‘ಅವರು ಮೊದಲಿನಿಂದಲೂ ತೀರಿಕೊಂಡವರ ವಿರುದ್ಧದ ಗುಂಪು’ ಎಂದರು.

ಟೊರಾಂಟೊದ ಉದ್ಯಾನದಲ್ಲಿ ದುಡ್ಡಿಗೆ ಫೋಟೊ ತೆಗೆಯಲು ಪರವಾನಗಿ ಚೀಟಿ ಬೇಕು. ನಮ್ಮಲ್ಲಿ ಕಾನೂನಿಗೆ ಬರವೆಂದು ತಿಳಿಯಬೇಡಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕ 1981ರಲ್ಲೇ ಕಾಯಿದೆ ಮಾಡಿದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರು, ಬಂಟಿಂಗುಗಳನ್ನೂ ನಿಷೇಧಿಸಿತು. ಇದನ್ನು ನಡುಗುತ್ತ ಯಜಮಾನರಿಗೆ ಓದಿ ಹೇಳಿದೆ. ಅವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟರು: ‘ನಿಷೇಧವಾಗಿರುವುದು ಫ್ಲೆಕ್ಸು. ನಾವು ಮುದ್ರಿಸುವುದು ಶುಭಾಶಯ.’

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಈ ವಂಶ ಎಷ್ಟು ಬೆಳೆಯುತ್ತದೆಂದರೆ, ಜಾತ್ರೆ ನಡೆಯುವ ಬಿಡಕಿಬೈಲಿನ ದಾರಿಯಲ್ಲಿ ಕಂಬಗಳು ಕಡಿಮೆ ಬೀಳುತ್ತವೆ. ಗುಡಿಯಲ್ಲಿ 7 ಅಡಿ ಎತ್ತರವಿರುವ ದೇವಿ ಫ್ಲೆಕ್ಸಿನ ಮೂಲೆಯಲ್ಲಿ ಗೇಣುದ್ದ. ಭಕ್ತಾದಿಗಳನ್ನು ಸ್ವಾಗತಿಸುವವರು 8 ಅಡಿ. ದೇವಿಯ ದರ್ಶನಕ್ಕೆ ಸರತಿಯಲ್ಲಿ ನಿಲ್ಲಬೇಕು, ಇವರ ದರ್ಶನ ಬಸ್ಸಿಳಿದ ಕೂಡಲೇ. ಯಾಣಕ್ಕೆ ಹೊರಟ ಪ್ರವಾಸಿಗರು ಕಾರು ನಿಲ್ಲಿಸಿ ದಾರಿ ಕೇಳುತ್ತಾರೆ. ದಾರಿ ತೋರಿಸುವ ಫಲಕ ಇದೆ, ಫ್ಲೆಕ್ಸಿನ ಯಜಮಾನರ ಬೆನ್ನ ಹಿಂದೆ.

ಜಾತ್ರೆ ಮುಗಿದ ಮೇಲೆ ಇವರೆಲ್ಲ ಏನಾಗುತ್ತಾರೆಂಬುದು ಜೂನ್‌ನಲ್ಲಿ ತಿಳಿಯಿತು. ಮೊದಲು ಮಳೆಗಾಲಕ್ಕೆ ಕೊಟ್ಟಿಗೆಗೆ ಇರಚಲು ಹೊಡೆಯದಂತೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಸೋಗೆ ಹೆಣೆಯಲು ಆಳು ಸಿಗುವುದಿಲ್ಲ, ಫ್ಲೆಕ್ಸ್ ಸಿಗುತ್ತದೆ. ಕಟ್ಟಿಗೆ ರಾಶಿಯ ಮೇಲೆ, ಗೊಬ್ಬರದ ಗುಂಡಿಯ ಮೇಲೆ ಹಾಸಿದರೂ ಅವರು ಮುಗಿದ ಕೈ ಇಳಿಸುವುದಿಲ್ಲ. ಈ ಮಟ್ಟದ ಜನಸೇವೆಯನ್ನು ಅವರು ಎಚ್ಚರವಿದ್ದಾಗ ಮಾಡಿದ್ದನ್ನು ಯಾರೂ ಕಂಡಿಲ್ಲ.

ಅದೇ ತಿಂಗಳು ನನಗೆ ಮೊದಲ ನಿಜವಾದ ಕುಟುಂಬದ ಕೆಲಸ ಬಂತು. ನಮ್ಮ ಕೇರಿಯ ಹೆಗಡೆಯವರು ಮತ್ತು ಅವರ ಮನೆಯಾಕೆ, ಮದುವೆಯಾಗಿ 50 ವರ್ಷ. ಡಲ್ಲಾಸಿನ ಮಗಳಿಗೆ ಫೋಟೊ ಬೇಕಂತೆ. ಜಗುಲಿಯಲ್ಲಿ ಮಳೆಯ ಕತ್ತಲು. ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ ಒಳ್ಳೆಯ ಬೆಳಕಿತ್ತು. ಅಲ್ಲಿಯೇ ಕರುವಿನ ಪಕ್ಕ ಇಬ್ಬರನ್ನೂ ನಿಲ್ಲಿಸಿದೆ. ಹಿಂದೆ ಇರಚಲಿಗೆ ಕಟ್ಟಿದ ಜಾತ್ರೆಯ ಫ್ಲೆಕ್ಸ್, ಮುಖಗಳೆಲ್ಲ ಒಳಕ್ಕೆ. 85 ಎಂಎಂ ಲೆನ್ಸು, ಅಪರ್ಚರ್ 1.8. ಹಿನ್ನೆಲೆಯನ್ನು ಮಂಜು ಮಾಡುವುದೇ ಅಲ್ಲವೇ ನಾನು 11 ವರ್ಷ ಮಾಡಿದ ಕಸುಬು? ಇಬ್ಬರೂ ಚೆನ್ನಾಗಿ ಬಂದರು. ಹೆಗಡೆಯವರ ಕಿವಿಯ ಕೂದಲು ಕೂಡ ಎಣಿಸಬಹುದಿತ್ತು.

ಮರುದಿನ ಬೆಳಿಗ್ಗೆ ಮಗಳ ಉತ್ತರ ಬಂತೆಂದು ಹೆಗಡೆಯವರೇ ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದರು. ಓದಿ ಹೇಳು ಎಂದರು. ಓದಿದೆ:

‘ಆಯಿ, ಹಿಂದೆ ಅಷ್ಟೊಂದು ಜನ ನಿಂತಿದ್ದಾರಲ್ಲ, ಯಾವಾಗ ಬಂದಿದ್ದರು? ಎಲ್ಲರಿಗೂ ನೀನೊಬ್ಬಳೇ ಬಡಿಸಿದೆಯಾ?’