ಕಾರಿಳಿಯದ ತಪಾಸಣೆ

ಬರೆಯಬಾರದು ಅಂತಲೇ ಇದ್ದೆ. ಆದರೆ ಮಧ್ಯಾಹ್ನದಿಂದ ಹೊಟ್ಟೆ ಉರೀತಾ ಇದೆ, ಇಲ್ಲಿ ಕಾರಿಕೊಳ್ಳದಿದ್ದರೆ ರಾತ್ರಿ ನಿದ್ದೆ ಬರಲ್ಲ.

ಬೆಳಗ್ಗೆ ಬೇರೆ ಕೆಲಸಕ್ಕೆ ಅಂತ ಒಂದು ಕಟ್ಟಡದ ಸೈಟಿಗೆ ಹೋಗಿದ್ದೆ. ಇನ್‌ಸ್ಪೆಕ್ಷನ್ ಮಟ್ಟಿಗೆ ಅದು ನನ್ನ ಸೈಟಲ್ಲ. ಹದಿನೆಂಟು ಎಕರೆ, ಪೂರ್ತಿ ಅಗೆದು ಹಾಕಿದ್ದಾರೆ, ಹುಲ್ಲಿನ ಎಳೆಯೂ ಉಳಿದಿಲ್ಲ. ರಾತ್ರಿಯಿಡೀ ಸುರಿದ ಮಳೆ ಇನ್ನೂ ಹನಿಯುತ್ತಿತ್ತು. ಒಂದು ಬಿಳಿ ಪಿಕಪ್ ಬಂತು. ಗೇಟು ದಾಟಿ ಇಪ್ಪತ್ತು ಅಡಿ ಒಳಗೆ ಬಂದು ನಿಂತಿತು. ಒಳಗಿದ್ದ ಪುಣ್ಯಾತ್ಮ ಕಿಟಕಿ ಗಾಜು ಕೂಡ ಇಳಿಸಲಿಲ್ಲ. ವೈಪರ್ ಆಡ್ತಾನೇ ಇತ್ತು. ಟ್ಯಾಬ್ಲೆಟ್ ಮೇಲೆ ಟಕ ಟಕ ಟಕ. ಆರು ನಿಮಿಷ. ಆಮೇಲೆ ಗಾಡಿ ತಿರುಗಿಸಿಕೊಂಡು ಹೊರಟೇ ಹೋದ.

ಅದು ಈ ವಾರದ ಸ್ಟಾರ್ಮ್‌ವಾಟರ್ ಇನ್‌ಸ್ಪೆಕ್ಷನ್ (ಮಳೆನೀರಿನ ಜೊತೆ ಸೈಟಿನ ಮಣ್ಣು, ಕೊಳೆ ಹೊರಗೆ ಹರಿಯದ ಹಾಗೆ ತಡೆದಿದ್ದಾರಾ ಅಂತ ನೋಡುವ ತಪಾಸಣೆ) ಅಂತ ನನಗೆ ಗೊತ್ತಾಗಿದ್ದು ಹನ್ನೊಂದು ಗಂಟೆಗೆ, ಸೈಟ್ ಆಫೀಸಿನ ಟ್ರೇಲರ್ ಒಳಗೆ ಹೊಸ ರಿಪೋರ್ಟ್ ನೋಡಿದಾಗ. ಎಲ್ಲ ಕಾಲಮ್ಮಿನಲ್ಲೂ 'ಸರಿಯಾಗಿದೆ'. ಸಿಲ್ಟ್ ಫೆನ್ಸ್ (ಮಣ್ಣು ತಡೆಯುವ ಬಟ್ಟೆಯ ಬೇಲಿ) ಸರಿಯಾಗಿದೆ, ಇನ್‌ಲೆಟ್ (ಮಳೆನೀರಿನ ಚರಂಡಿಯ ಬಾಯಿ) ಸರಿಯಾಗಿದೆ, ವಾಶ್‌ಔಟ್ (ಕಾಂಕ್ರೀಟ್ ಲಾರಿ ತೊಳೆಯುವ ಜಾಗ) ಸರಿಯಾಗಿದೆ. ಹವಾಮಾನದ ಕಾಲಮ್ಮಿನಲ್ಲಿ 'ಬಿಸಿಲು, ಒಣ ನೆಲ'! ಹೋದ ವಾರದ ರಿಪೋರ್ಟನ್ನೇ ನಕಲು ಮಾಡಿ ತಾರೀಕು ಬದಲಾಯಿಸಿದ್ದಾನೆ. ನನ್ನ ಬೂಟಿನಿಂದ ಟ್ರೇಲರ್ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಕಾಗದದಲ್ಲಿ ಬಿಸಿಲು ಕಾಯುತ್ತಿತ್ತು.

ಹನ್ನೊಂದು ವರ್ಷದಿಂದ ನಾನು ಇದೇ ಕೆಲಸ ಮಾಡ್ತಿರೋದು ನಿಮಗೆಲ್ಲ ಗೊತ್ತು. 'ಕೆಸರು ನೋಡೋಕೂ ಅಮೆರಿಕದಲ್ಲಿ ಸಂಬಳ ಕೊಡ್ತಾರಾ' ಅಂತ ಕಿಚಾಯಿಸಿದವರು ಈ ಪಟ್ಟಿಯಲ್ಲೇ ಇದ್ದೀರಿ. ಹೌದು, ಕೊಡ್ತಾರೆ. ಕೆಸರು ನೋಡೋಕೇ ಕೊಡ್ತಾರೆ. ಅದಕ್ಕೇ ಕೇಳ್ತಿರೋದು, ನೋಡದವನಿಗೆ ಯಾಕೆ ಕೊಡ್ತಾರೆ?

ನಾನು ಹಿಂಬದಿಗೆ ನಡೆದುಕೊಂಡು ಹೋದೆ. ನನ್ನ ಕೆಲಸ ಅಲ್ಲ, ಆದರೂ ಹೋದೆ. ಇಳಿಜಾರಿನ ಕೊನೆಯಲ್ಲಿ ಕಪ್ಪು ಬಟ್ಟೆಯ ಸಿಲ್ಟ್ ಫೆನ್ಸ್ ಚೆಂದವಾಗಿ ಸಾಲಾಗಿ ನಿಂತಿತ್ತು. ಗೇಟಿನಿಂದ ನೋಡಿದರೆ ಯಾರೂ ತಪ್ಪು ಹೇಳಲಾರರು. ಹತ್ತಿರ ಹೋದರೆ ಬುಡವನ್ನು ಮಣ್ಣಿನಲ್ಲಿ ಹೂತೇ ಇಲ್ಲ. ಆರು ಇಂಚು ಕಾಲುವೆ ತೋಡಿ, ಬಟ್ಟೆಯ ಅಂಚನ್ನು ಅದರೊಳಗೆ ಇಳಿಸಿ, ಮಣ್ಣು ಮುಚ್ಚಿ ತುಳಿಯಬೇಕು. ಇಲ್ಲಿ ಬಟ್ಟೆ ಸೀರೆ ಒಣಹಾಕಿದ ಹಾಗೆ ತೂಗಾಡುತ್ತಿತ್ತು. ನೀರು ಅದರ ಕೆಳಗಿನಿಂದ ನುಸುಳಿ ಆಚೆ ಇರುವ ಹಳ್ಳಕ್ಕೆ ಇಳಿಯುತ್ತಿತ್ತು, ಇಟ್ಟಿಗೆ ಬಣ್ಣದ ನೀರು.

ಈ ಬೇಲಿ ನೀರು ಸೋಸುವ ಜರಡಿ ಅಂದುಕೊಂಡವರೇ ಹೆಚ್ಚು. ಅದು ಒಡ್ಡು ಕಣ್ರೀ! ನೀರನ್ನು ತಡೆದು ಸ್ವಲ್ಪ ಹೊತ್ತು ನಿಲ್ಲಿಸಬೇಕು, ನಿಂತ ನೀರಿನಲ್ಲಿ ಮರಳು, ಹೂಳು ತಳಕ್ಕೆ ಕೂರಬೇಕು. ಬುಡ ಬಿಟ್ಟಮೇಲೆ ಒಡ್ಡೆಲ್ಲಿ, ನಿಲ್ಲೋದೆಲ್ಲಿ? ಮತ್ತೆ, ಅದರ ಹಿಂದೆ ಮಣ್ಣು ಅರ್ಧ ಎತ್ತರಕ್ಕೆ ಬರುವ ಮೊದಲೇ ತೆಗೆಯಬೇಕು ಅಂತ ಇ.ಪಿ.ಎ. (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಕಟ್ಟಡದ ಸೈಟುಗಳಿಗೆ ಕೊಡುವ ಪರ್ಮಿಟ್ಟಿನಲ್ಲಿ ಕಪ್ಪು ಬಿಳುಪಾಗಿ ಬರೆದಿದೆ. ಅರ್ಧ ಬಂದಿದೆಯೋ ಇಲ್ಲವೋ ಅಂತ ಗೇಟಿನ ಹತ್ತಿರ ಗಾಡಿಯಲ್ಲಿ ಕೂತು ಹೇಳುವ ಕಣ್ಣು ಯಾವ ತಾಯಿ ಹೆತ್ತ ಮಗನಿಗಿದೆ ನಾ ಕಾಣೆ.

ಕಾನೂನು ಇಲ್ಲ ಅಂತ ಯಾರೂ ಹೇಳಬೇಡಿ. 1972ರ ಕ್ಲೀನ್ ವಾಟರ್ ಆಕ್ಟ್ ಇದೆ. 1987ರಲ್ಲಿ ಅದಕ್ಕೆ ಮಳೆನೀರನ್ನೂ ಸೇರಿಸಿದರು. 1990ರ ನಿಯಮ ಐದು ಎಕರೆ ಮೇಲಿನ ಸೈಟುಗಳನ್ನು ಹಿಡಿಯಿತು, 1999ರದ್ದು ಒಂದು ಎಕರೆಗೆ ಇಳಿಸಿತು. ಹೆಚ್ಚಿನ ರಾಜ್ಯಗಳು ತಮ್ಮದೇ ಪರ್ಮಿಟ್ ಕೊಡುತ್ತವೆ, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಹೂರಣ ಒಂದೇ. ಇ.ಪಿ.ಎ.ಯ 2022ರ ಪರ್ಮಿಟ್ ಪ್ರಕಾರ ಏಳು ದಿನಕ್ಕೊಮ್ಮೆ ನೋಡಬೇಕು. ಇಲ್ಲವಾದರೆ ಹದಿನಾಲ್ಕು ದಿನಕ್ಕೊಮ್ಮೆ ನೋಡಿ, ಜೊತೆಗೆ ಕಾಲು ಇಂಚು ಮಳೆ ಬಿದ್ದಾಗಲೆಲ್ಲ 24 ಗಂಟೆಯೊಳಗೆ ಮತ್ತೆ ನೋಡಬೇಕು. ಕಾಲು ಇಂಚು ಅಂದರೆ ಬರೀ ಆರು ಮಿಲಿಮೀಟರ್ ಚಿಲ್ಲರೆ. ನೋಡುವ ಹೊತ್ತಿಗೆ ನೀರು ಹೊರಗೆ ಹರೀತಿದ್ದರೆ ಅದರ ಬಣ್ಣ, ವಾಸನೆ, ನೊರೆ, ಎಣ್ಣೆಯ ಹೊಳಪು ಎಲ್ಲ ಬರೆದಿಡಬೇಕು. ಮಳೆಗೆ ಹೆದರುವವನಿಗೆ ಮಾಡಿದ ನಿಯಮ ಅಲ್ಲ ಇದು. ಮಳೆಯಲ್ಲಿ ನೆನೆಯಲಿ ಅಂತಲೇ ಮಾಡಿದ್ದು.

ಕಾರ್ಖಾನೆಗಳ ಪರ್ಮಿಟ್ಟೂ ಅಷ್ಟೇ. ಮೂರು ತಿಂಗಳಿಗೊಮ್ಮೆ ಔಟ್‌ಫಾಲಿನಲ್ಲಿ (ಮಳೆನೀರು ಹೊರಗೆ ಬೀಳುವ ಜಾಗದಲ್ಲಿ) ಹರಿಯುವ ನೀರನ್ನು, ಹರಿಯಲು ಶುರುವಾದ ಮೊದಲ ಅರ್ಧ ಗಂಟೆಯಲ್ಲಿ, ಬಣ್ಣವಿಲ್ಲದ ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ಇದಕ್ಕಿಂತ ಸರಳವಾದ ಪರೀಕ್ಷೆ ಲೋಕದಲ್ಲಿ ಇದೆಯೇನ್ರೀ? ಯಂತ್ರ ಬೇಡ, ಲ್ಯಾಬ್ ಬೇಡ, ಬಾಟಲಿ ಮತ್ತು ಎರಡು ಕಣ್ಣು ಸಾಕು. ಹಿಂದೊಮ್ಮೆ ಒಂದು ಕಾರ್ಖಾನೆಯಲ್ಲಿ ನಾಲ್ಕೂ ತ್ರೈಮಾಸಿಕದ ಎದುರು 'ಮಳೆ ಬಂದಿಲ್ಲ' ಅಂತ ಬರೆದದ್ದು ನೋಡಿದ್ದೆ. ವರ್ಷಪೂರ್ತಿ ಬರಗಾಲ ಪಾಪ, ಅವರ ಕಾಂಪೌಂಡಿನ ಒಳಗೆ ಮಾತ್ರ. (ಅಲ್ಲಿಯ ಗ್ಯಾಲ್ವನೈಸ್ ಮಾಡಿದ ತಗಡಿನ ಸೂರಿನಿಂದ ಸತು ತೊಳೆದು ಬರುತ್ತಿದ್ದದ್ದು ಬೇರೆ ಕಥೆ, ಇನ್ನೊಮ್ಮೆ ಹೇಳ್ತೀನಿ.)

ಈಗ ಒಬ್ಬರು ಬಂದೇ ಬರ್ತಾರೆ: 'ಮಣ್ಣೇ ತಾನೆ, ವಿಷ ಅಲ್ವಲ್ಲ?' ಸೈಟಿನ ಸೂಪರಿಂಟೆಂಡೆಂಟ್ ಇವತ್ತು ಇದನ್ನೇ ನಗುನಗುತ್ತಾ ಹೇಳಿದ. ಮಣ್ಣೇ ಸ್ವಾಮಿ. ಆದರೆ ಬೋಳು ಮಾಡಿದ ಕಟ್ಟಡದ ಸೈಟಿನಿಂದ ಕೊಚ್ಚಿಹೋಗುವ ಮಣ್ಣು ಹೊಲದಿಂದ ಹೋಗುವುದರ 10ರಿಂದ 20 ಪಟ್ಟು, ಕಾಡಿನಿಂದ ಹೋಗುವುದರ 1,000ದಿಂದ 2,000 ಪಟ್ಟು ಅಂತ ಇ.ಪಿ.ಎ. ಲೆಕ್ಕ. ಅದು ಹಳ್ಳದ ತಳದ ಜಲ್ಲಿಕಲ್ಲಿನ ಸಂದಿಗೆ ಇಳಿದು ಕೂರುತ್ತೆ. ಟ್ರೌಟ್ ಮೀನು ಮೊಟ್ಟೆ ಇಡುವುದು ಅದೇ ಸಂದಿಯಲ್ಲಿ. ಮೊಟ್ಟೆಗೆ ಆಕ್ಸಿಜನ್ ಇಲ್ಲದ ಹಾಗೆ ಮುಚ್ಚಿಬಿಡುತ್ತೆ. ಜೊತೆಗೆ ನೀರಿನಲ್ಲಿ ಪಾಚಿ ಬೆಳೆಸುವ ಫಾಸ್ಫರಸ್ಸನ್ನೂ ಹೊತ್ತು ತರುತ್ತೆ. ಕಾಂಕ್ರೀಟ್ ಲಾರಿ ತೊಳೆದ ನೀರಿನ ಪಿಎಚ್ ಹನ್ನೆರಡರ ಆಸುಪಾಸು, ಚರ್ಮ ಸುಡುವಷ್ಟು ಕ್ಷಾರ, ಅದೂ 'ಬರೀ ಸಿಮೆಂಟು'.

ಇನ್ನೊಂದು ವಾದ ಇದೆ, ಅದಕ್ಕೆ ಸ್ವಲ್ಪ ಮರ್ಯಾದೆ ಕೊಡಬೇಕು. ದಿನಕ್ಕೆ ಏಳೆಂಟು ಸೈಟು ಹೊತ್ತವನು ಪ್ರತಿಯೊಂದರಲ್ಲೂ ಸುತ್ತ ನಡೆಯಲು ಆಗುತ್ತಾ? ಕಂಪನಿ ಕಡಿಮೆ ದರಕ್ಕೆ ಕೆಲಸ ಹಿಡಿಯುತ್ತೆ, ಹುಡುಗನ ತಲೆಗೆ ಕಟ್ಟುತ್ತೆ. ನಿಜ. ಒಪ್ಪಿದೆ. ಹಾಗಾದರೆ 'ನೋಡಿಲ್ಲ' ಅಂತ ಬರಿ. ಆ ಒಂದು ಪದಕ್ಕೆ ದರ ಏನೂ ಹೆಚ್ಚಿಲ್ಲ. ನೋಡದೆ 'ಸರಿಯಾಗಿದೆ' ಅಂತ ಬರೆಯುವುದಕ್ಕೆ ದಣಿವು ಕಾರಣ ಅಂತ ಯಾರಾದರೂ ನನಗೆ ಹೇಳಿದರೆ ನಾನು ಕೇಳುವುದಿಲ್ಲ.

ಯಾಕೆ ಇಷ್ಟು ಹಾರಾಡ್ತಿದ್ದೀನಿ ಅಂತ ನಮ್ಮ ಮನೆಯವರು ಕೇಳಿದರು. ಹೇಳಿಬಿಡ್ತೀನಿ. ನಾನೂ ಮಾಡಿದ್ದೀನಿ. ಎರಡನೇ ವರ್ಷ, ನವೆಂಬರ್, ಚಳಿಮಳೆ, ನನ್ನ ಅಳತೆಗೆ ಎರಡು ಪಟ್ಟಿದ್ದ ರೇನ್‌ಕೋಟಿನ ತೋಳೊಳಗೆ ನೀರು ನುಗ್ಗುತ್ತಿತ್ತು. ಆ ಸೈಟಿನ ಕೊನೆಯ ಔಟ್‌ಫಾಲ್ ಕೆರೆಯ ಹಿಂದೆ, ಕಾಲು ಹೂತುಹೋಗುವ ಜಾಗದಲ್ಲಿ. ಹೋದ ವಾರ ಸರಿಯಾಗಿತ್ತಲ್ಲ ಅಂತ ಕಾರಿನಲ್ಲೇ ಕೂತು 'ಸರಿಯಾಗಿದೆ' ಒತ್ತಿದೆ. ಹೀಟರ್ ಹಾಕಿಕೊಂಡು. ಮುಂದಿನ ವಾರ ಹೋದಾಗ ಪೈಪಿನ ಬಾಯಿಯ ಕಲ್ಲುಗಳು ಕಿತ್ತುಹೋಗಿ, ದಡ ಕೊರೆದು, ಒಂದು ಆಳೆತ್ತರದ ಕಂದಕ ಬಿದ್ದಿತ್ತು. ಒಂದೇ ವಾರದಲ್ಲಿ ಆದದ್ದಲ್ಲ ಅದು, ನೋಡಿದರೆ ಗೊತ್ತಾಗುತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಯಾರಾದರೂ ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ರಿಪೋರ್ಟಿನ ಕೊನೆಗೆ ಸಹಿ ಮಾಡುವ ಜಾಗದ ಮೇಲೆ ಒಂದು ಪ್ಯಾರಾ ಇರುತ್ತೆ, ಇದೆಲ್ಲ ಸತ್ಯ ಅಂತ ಕಾನೂನಿನ ಶಿಕ್ಷೆಗೆ ಒಪ್ಪಿ ಹೇಳ್ತೀನಿ ಅಂತ. ಗೊತ್ತಿದ್ದೂ ಸುಳ್ಳು ಬರೆದರೆ 10,000 ಡಾಲರ್ ತನಕ ದಂಡ, ಎರಡು ವರ್ಷದ ತನಕ ಜೈಲು, ಅಥವಾ ಎರಡೂ. ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ: 2004ರಲ್ಲಿ ವಾಲ್‌ಮಾರ್ಟ್ ಒಂಬತ್ತು ರಾಜ್ಯಗಳ 24 ಕಟ್ಟಡದ ಸೈಟುಗಳ ಮಳೆನೀರಿನ ವಿಷಯಕ್ಕೇ 31 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಆ ಪ್ಯಾರಾವನ್ನು ಓದಿ ಸಹಿ ಮಾಡಿದವರನ್ನು ನಾನು ಹನ್ನೊಂದು ವರ್ಷದಲ್ಲಿ ಮೂರು ಜನ ನೋಡಿದ್ದೀನಿ. ನಾನು ಆ ನವೆಂಬರ್ ಆದಮೇಲೆ ಓದಿದ್ದು.

ಮಧ್ಯಾಹ್ನ ಬೇಲಿಯ ಫೋಟೋಗಳನ್ನು ತೆಗೆದು ಸೈಟಿನ ಮಾಲೀಕರ ಕಡೆಯ ಇಂಜಿನಿಯರಿಗೆ ಕಳಿಸಿದೆ. ಇಂಥ ಸಣ್ಣ ರಿಪೇರಿ ಮಾರನೆಯ ಕೆಲಸದ ದಿನ ಮುಗಿಯುವುದರೊಳಗೆ ಆಗಬೇಕು ಅಂತ ನಿಯಮ ಹೇಳುತ್ತೆ, ಅದನ್ನೂ ಬರೆದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಆ ಹಳ್ಳದ ನೀರನ್ನೂ ಒಂದು ಬಾಟಲಿಯಲ್ಲಿ ಹಿಡಿದು ತಂದಿದ್ದೆ. ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೀನಿ. ಈಗ ರಾತ್ರಿ ಹತ್ತೂವರೆ. ಮರಳು ಆಗಲೇ ತಳಕ್ಕೆ ಕೂತಿದೆ, ಮೇಲಿನದೆಲ್ಲ ಜೇಡಿ, ಬೆಳಗ್ಗೆ ಇದ್ದಷ್ಟೇ ಕೆಂಪಗಿದೆ. ನಾಳೆ ರಾತ್ರಿ ಮತ್ತೆ ಮಳೆಯಂತೆ. ನಾಡಿದ್ದು ಆರೂವರೆಗೇ ಆ ಗೇಟಿನ ಹತ್ತಿರ ಇರ್ತೀನಿ. ಬಿಳಿ ಪಿಕಪ್ ಬಂದರೆ ಬಾಟಲಿ ಹಿಡಿದುಕೊಂಡು ಕಿಟಕಿ ತಟ್ಟೋದು, ಗಾಜು ಇಳಿಸ್ತಾನಾ ನೋಡೋಣ.